ಫ್ರಾನ್ಸಿಸ್ ಆರ್ನಲ್ಡ್ ಮತ್ತು ನನ್ನ ಗೋವಿನಜೋಳದ ದಂಟು

(ನಮ್ಮ ಸಂಘದ ಮಹಿಳಾ ವೇದಿಕೆಯ ತಿಂಗಳ ಸಭೆಯಲ್ಲಿ ಮಾಡಿದ ಭಾಷಣ)



"ನಿನಗೆ ಇಷ್ಟವಾದ ಒಬ್ಬ ಹೆಣ್ಣುಮಗಳ ಬಗ್ಗೆ ಇಪ್ಪತ್ತು ನಿಮಿಷ ಮಾತಾಡು" ಅಂತ ಕಾರ್ಯದರ್ಶಿ ಅಕ್ಕ ಫೋನ್ ಮಾಡಿದಾಗ ನಾನು ಹಿಂಜವಡಿಯ ಟ್ರಾಫಿಕ್ಕಿನಲ್ಲಿ ಸಿಕ್ಕಿಹಾಕಿಕೊಂಡಿದ್ದೆ. ಆ ಗಡಿಬಿಡಿಯಲ್ಲಿ ಒಪ್ಪಿಕೊಂಡುಬಿಟ್ಟೆ. ಹಿಂದಿನ ಸಭೆಗಳಲ್ಲಿ ಇಲ್ಲಿ ಅಕ್ಕಮಹಾದೇವಿಯ ಬಗ್ಗೆ, ಕಿತ್ತೂರು ಚೆನ್ನಮ್ಮನ ಬಗ್ಗೆ ಎಷ್ಟು ಚೆನ್ನಾಗಿ ಮಾತಾಡಿದ್ದಾರೆ. ನಾನು ಅಮೆರಿಕದ ಒಬ್ಬ ಎಂಜಿನಿಯರಿಂಗ್ ಪ್ರೊಫೆಸರನ್ನು ಕರೆತರುತ್ತಿದ್ದೇನೆ. ಅವರಿಗೂ ನನಗೂ ಒಂದು ಹಳೆಯ ಲೆಕ್ಕ ಬಾಕಿ ಇದೆ. ಅದಕ್ಕೇ ಈ ಧೈರ್ಯ.

ಮೊದಲು ನನ್ನ ಕಡೆಯ ಲೆಕ್ಕ ಹೇಳಿಬಿಡುತ್ತೇನೆ. ನಮ್ಮದು ಹಾವೇರಿ ಜಿಲ್ಲೆಯ ರಾಣೆಬೆನ್ನೂರು ತಾಲ್ಲೂಕು. ಮಳೆ ಬಿತ್ತೆಂದರೆ ಎಲ್ಲಿ ನೋಡಿದರೂ ಗೋವಿನಜೋಳ, ಬೆಂಗಳೂರಿನವರ ಮೆಕ್ಕೆಜೋಳ. ಇಲ್ಲಿ ನನ್ನನ್ನು ಎಲ್ಲರೂ ಸಾಫ್ಟ್‌ವೇರ್‌ನವಳು ಅಂತಲೇ ಬಲ್ಲಿರಿ. ಆದರೆ ನಾನು ಎಂ.ಟೆಕ್ ಮಾಡಿದ್ದು ಬಯೋಟೆಕ್ನಾಲಜಿಯಲ್ಲಿ. ನನ್ನ ಪ್ರಾಜೆಕ್ಟು ಗೋವಿನಜೋಳದ ದಂಟಿನಿಂದ ಎಥನಾಲ್ ತೆಗೆಯುವುದು. ದಂಟಿನಲ್ಲಿ ಸೆಲ್ಯುಲೋಸ್ ಇದೆ, ಸೆಲ್ಯುಲೋಸ್ ಅಂದರೆ ಒಂದಕ್ಕೊಂದು ಗಟ್ಟಿಯಾಗಿ ಕೊಂಡಿ ಹಾಕಿಕೊಂಡ ಸಕ್ಕರೆ. ಆ ಕೊಂಡಿ ಬಿಡಿಸುವ ಕಿಣ್ವ, ಅಂದರೆ ಎಂಜೈಮ್, ಸಿಕ್ಕರೆ ಸಕ್ಕರೆ ಸಿಗುತ್ತದೆ. ಸಕ್ಕರೆ ಸಿಕ್ಕರೆ ಯೀಸ್ಟು ಅದನ್ನು ಎಥನಾಲ್ ಮಾಡುತ್ತದೆ. ಕಾಗದದ ಮೇಲೆ ಇಷ್ಟೇ.

ರಜೆಗೆ ಹೋದಾಗ ಸೋದರಮಾವನ ಹೊಲದಿಂದ ಒಂದು ಚೀಲ ದಂಟು ತಂದೆ. ಒಣಗಿಸಿದೆ, ಪುಡಿ ಮಾಡಿದೆ, ಕ್ಷಾರದಲ್ಲಿ ಕುದಿಸಿದೆ. ಡಿಪಾರ್ಟ್‌ಮೆಂಟಿನವರು ಕಾಡಿ ಬೇಡಿ ತರಿಸಿಕೊಟ್ಟ ಕಿಣ್ವದ ಪುಟ್ಟ ಬಾಟಲಿಯನ್ನು ಬಂಗಾರದ ಹಾಗೆ ಫ್ರಿಜ್ಜಿನಲ್ಲಿ ಇಟ್ಟುಕೊಂಡಿದ್ದೆ. ನನ್ನ ಫ್ಲಾಸ್ಕುಗಳಲ್ಲಿ ಸಕ್ಕರೆಗಿಂತ ಬೂಷ್ಟೇ ಹೆಚ್ಚು ಬೆಳೆಯಿತು. ಹೇಗೋ ಥೀಸಿಸ್ ಮುಗಿಯಿತು. ಆಮೇಲೆ ಒಂದು ವರ್ಷ ಕೆಲಸ ಹುಡುಕಿದೆ. ಸಿಕ್ಕಿದ್ದು ಐಟಿಯಲ್ಲಿ, ಟೆಸ್ಟಿಂಗ್ ವಿಭಾಗದಲ್ಲಿ. ಪುಣೆಗೆ ಬಂದೆ. ಊರಿಗೆ ಹೋದಾಗ ಮಾವ ಈಗಲೂ ಕೇಳುತ್ತಾನೆ, "ನನ್ನ ದಂಟಿನಾಗ ಪೆಟ್ರೋಲ್ ತಗೀತೀನಿ ಅಂದಿದ್ದೆಲ್ಲವ್ವಾ, ಏನಾತು?"

ಎಂ.ಟೆಕ್‌ನಲ್ಲಿ ನಮಗೆ ಬೈಲಿ ಮತ್ತು ಒಲ್ಲಿಸ್ ಬರೆದ ದಪ್ಪ ಪುಸ್ತಕವೊಂದಿತ್ತು, ಬಯೋಕೆಮಿಕಲ್ ಎಂಜಿನಿಯರಿಂಗ್ ಓದುವವರು ದಾಟಿಯೇ ಹೋಗಬೇಕಾದ ಪುಸ್ತಕ. ಅದರ ಜೆರಾಕ್ಸ್ ಪ್ರತಿ ಈಗಲೂ ನನ್ನ ಅಟ್ಟದ ಮೇಲಿದೆ. ಆ ಬೈಲಿ ಅವರ ಹೆಂಡತಿಯಾಗಿದ್ದವರೇ ಇವತ್ತಿನ ನನ್ನ ಕಥಾನಾಯಕಿ ಅಂತ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ. ಹೆಸರು ಫ್ರಾನ್ಸಿಸ್ ಆರ್ನಲ್ಡ್. ಕ್ಯಾಲಿಫೋರ್ನಿಯಾದ ಕ್ಯಾಲ್‌ಟೆಕ್‌ನಲ್ಲಿ ಕೆಮಿಕಲ್ ಎಂಜಿನಿಯರಿಂಗ್ ಪ್ರೊಫೆಸರ್. 2018ರ ರಸಾಯನಶಾಸ್ತ್ರದ ನೊಬೆಲ್‌ನಲ್ಲಿ ಅರ್ಧ ಅವರದು. ರಸಾಯನಶಾಸ್ತ್ರದಲ್ಲಿ ಆ ಪ್ರಶಸ್ತಿ ಪಡೆದ ಐದನೆಯ ಮಹಿಳೆ, ಅಮೆರಿಕದ ಮಟ್ಟಿಗೆ ಮೊದಲನೆಯವರು.

ಹುಟ್ಟಿದ್ದು 1956ರಲ್ಲಿ, ಪಿಟ್ಸ್‌ಬರ್ಗ್‌ನಲ್ಲಿ. ಅಪ್ಪ ಅಣು ವಿಜ್ಞಾನಿ. ಮಗಳು ಮಾತ್ರ ನಮ್ಮ ಕಡೆಯವರು ಹೇಳುವ ಹಾಗೆ "ಕೈಗೆ ಸಿಗದ ಹುಡುಗಿ". ವಿಯೆಟ್ನಾಂ ಯುದ್ಧದ ವಿರುದ್ಧ ಪ್ರತಿಭಟನೆಗೆ ಸಿಕ್ಕ ಸಿಕ್ಕ ಗಾಡಿ ಹತ್ತಿ ವಾಷಿಂಗ್ಟನ್‌ಗೆ ಹೋದಳು. ಹೈಸ್ಕೂಲಿನಲ್ಲಿದ್ದಾಗಲೇ ಮನೆ ಬಿಟ್ಟು ಬೇರೆ ಇದ್ದಳು. ಖರ್ಚಿಗೆ ಜಾಝ್ ಕ್ಲಬ್ಬಿನಲ್ಲಿ ವೇಟ್ರೆಸ್ ಕೆಲಸ, ಆಮೇಲೆ ಟ್ಯಾಕ್ಸಿ ಡ್ರೈವರ್. ಇದನ್ನು ಹೇಳುವಾಗ ಎದುರಿಗಿರುವ ಅಮ್ಮಂದಿರ ಮುಖ ನೋಡುತ್ತಿದ್ದೇನೆ, ಹೆದರಬೇಡಿ! ಆಕೆ ಪ್ರಿನ್ಸ್‌ಟನ್‌ಗೆ ಸೇರಿದಳು, ಮೆಕ್ಯಾನಿಕಲ್ ಮತ್ತು ಏರೋಸ್ಪೇಸ್ ಎಂಜಿನಿಯರಿಂಗ್ ಓದಿದಳು. ನಡುವೆ ಓದಿಗೆ ಬಿಡುವು ಕೊಟ್ಟು ಇಟಲಿಯ ಒಂದು ಕಾರ್ಖಾನೆಯಲ್ಲಿ ಕೆಲಸ ಮಾಡಿ ಬಂದಳು. 1979ರಲ್ಲಿ ಡಿಗ್ರಿ ಕೈಗೆ ಬಂತು.

1979 ಅಂದರೆ ತೈಲದ ಬೆಲೆ ಆಕಾಶಕ್ಕೆ ಏರಿದ ಕಾಲ. ಅಧ್ಯಕ್ಷ ಕಾರ್ಟರ್ ಶ್ವೇತಭವನದ ಛಾವಣಿಯ ಮೇಲೆ ಸೌರ ಫಲಕ ಹಾಕಿಸಿ, 2000ದ ಹೊತ್ತಿಗೆ ದೇಶದ ಶೇಕಡಾ 20ರಷ್ಟು ಶಕ್ತಿ ಸೂರ್ಯನಂಥ ಮೂಲಗಳಿಂದಲೇ ಬರಬೇಕು ಅಂತ ಗುರಿ ಹಾಕಿದ ವರ್ಷ. ಆರ್ನಲ್ಡ್ ಕೊಲೊರಾಡೊದ ಸೌರಶಕ್ತಿ ಸಂಶೋಧನಾ ಸಂಸ್ಥೆಗೆ ಸೇರಿದರು, ಕರೆಂಟು ಮುಟ್ಟದ ಊರುಗಳಿಗೆ ಸೌರ ವ್ಯವಸ್ಥೆ ರೂಪಿಸುವ ಕೆಲಸಕ್ಕೆ. 1981ರಲ್ಲಿ ರೇಗನ್ ಬಂದರು, ಆ ಸಂಸ್ಥೆಯ ಹಣಕ್ಕೆ ಕತ್ತರಿ ಬಿತ್ತು. ಬಾಗಿಲು ಮುಚ್ಚಿತು ಅಂತ ಆಕೆ ಬರ್ಕ್ಲಿಗೆ ಹೋಗಿ ಕೆಮಿಕಲ್ ಎಂಜಿನಿಯರಿಂಗ್ ಪಿಎಚ್.ಡಿ.ಗೆ ಸೇರಿದರು, ಗಿಡದಿಂದ ಇಂಧನ ಮಾಡುವ ಆಸೆ ಹೊತ್ತು. ತೈಲ ಮತ್ತೆ ಅಗ್ಗವಾಯಿತು, ಜೈವಿಕ ಇಂಧನ ಯಾರಿಗೂ ಬೇಡವಾಯಿತು. ಸರಿ, ಪ್ರೋಟೀನುಗಳನ್ನು ಬೇರ್ಪಡಿಸುವ ವಿಷಯಕ್ಕೆ ತಿರುಗಿಕೊಂಡರು. ನಾನು ಇದನ್ನು ಓದಿದ್ದು ಆಫೀಸಿನ ಕ್ಯಾಂಟೀನಿನಲ್ಲಿ ಕೂತು. ಎಂಜಿನಿಯರು ಒಬ್ಬಳು ಇಂಧನದ ಆಸೆ ಇಟ್ಟುಕೊಂಡು ಎರಡು ಸಲ ದಾರಿ ಬಿಟ್ಟಳಲ್ಲ, ಹಾಗಾದರೆ ನಾನು ಒಂದು ಸಲ ಬಿಟ್ಟಿದ್ದು ಮಹಾಪಾಪವೇನಲ್ಲ ಅಂತ ಆವತ್ತು ಸ್ವಲ್ಪ ಸಮಾಧಾನವಾಯಿತು.

1986ರಲ್ಲಿ ಕ್ಯಾಲ್‌ಟೆಕ್‌ಗೆ ಬಂದರು. ಅಲ್ಲಿಂದ ಅವರ ನಿಜವಾದ ಕೆಲಸ ಶುರು. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ನೀವು ಬಟ್ಟೆ ಒಗೆಯುವ ಪೌಡರಿನ ಪೊಟ್ಟಣದ ಮೇಲೆ "ಎಂಜೈಮ್" ಅಂತ ಓದಿರಬಹುದು. ಸಾಮಾನ್ಯವಾಗಿ ಅದು ಸಬ್ಟಿಲಿಸಿನ್ ಎಂಬ ಕಿಣ್ವದ ಬಳಗದ್ದು. ಬೆವರು, ಹಾಲು, ರಕ್ತದ ಕಲೆಯಲ್ಲಿರುವ ಪ್ರೋಟೀನನ್ನು ಕತ್ತರಿಸುವುದು ಅದರ ಕಸುಬು. ಕಿಣ್ವಗಳಿಗೆ ನೀರು ಬೇಕು, ಹದವಾದ ಬಿಸಿ ಬೇಕು. ಕಾರ್ಖಾನೆಯಲ್ಲಿ ಹಾಗೆ ಮುದ್ದು ಮಾಡುವವರಿಲ್ಲ. ಅಲ್ಲಿ ಬಿಸಿ, ಆಮ್ಲ, ದ್ರಾವಕ ಎಲ್ಲವನ್ನೂ ತಡೆದುಕೊಳ್ಳಬೇಕು. ನನ್ನ ದಂಟಿನ ಕಿಣ್ವ ಸೋತದ್ದೂ ಇಲ್ಲೇ. ಹಾಗಾದರೆ ಕಿಣ್ವವನ್ನು ನಮಗೆ ಬೇಕಾದಂತೆ ಬದಲಾಯಿಸುವುದು ಹೇಗೆ? ಸುಮಾರು 300 ಅಮೈನೋ ಆಮ್ಲಗಳ ಸರ ಅದು. ಪ್ರತಿ ಮಣಿಗೆ 20 ಆಯ್ಕೆ. ಒಟ್ಟು ಸಾಧ್ಯತೆ ಬರೆಯಬೇಕಾದರೆ 1ರ ಮುಂದೆ 390 ಸೊನ್ನೆ ಹಾಕಬೇಕು. ಆಗಿನ ದೊಡ್ಡ ದೊಡ್ಡವರೆಲ್ಲ ಕಿಣ್ವದ ಆಕಾರವನ್ನು ಅಭ್ಯಾಸ ಮಾಡಿ, ಯಾವ ಮಣಿ ಬದಲಿಸಿದರೆ ಏನಾಗುತ್ತದೆ ಅಂತ ತರ್ಕ ಮಾಡಿ ಬದಲಿಸಲು ನೋಡುತ್ತಿದ್ದರು. ಆರ್ನಲ್ಡ್ ಕೂಡ ಹಾಗೇ ಕೆಲವು ವರ್ಷ ಒದ್ದಾಡಿದರು. ಆಗಲಿಲ್ಲ.

ಆಗ ಅವರು ಹಿಡಿದ ದಾರಿ ನಮ್ಮ ಅಜ್ಜಿಗೆ ಗೊತ್ತಿದ್ದ ದಾರಿ. ರಾಶಿ ಆದ ಮೇಲೆ ಅಜ್ಜಿ ಬಿತ್ತನೆಗೆ ಅಂತ ಒಳ್ಳೆಯ ತೆನೆಗಳನ್ನು ಆರಿಸಿ ಜಂತಿಗೆ ನೇತುಹಾಕುತ್ತಿದ್ದಳು. ಆ ತೆನೆ ಯಾಕೆ ದಪ್ಪವಾಯಿತು, ಯಾವ ಜೀನ್ ಕಾರಣ ಅಂತ ಅವಳಿಗೆ ಗೊತ್ತಿರಲಿಲ್ಲ, ಗೊತ್ತಾಗಬೇಕಾಗಿಯೂ ಇರಲಿಲ್ಲ. ಮುಂದಿನ ವರ್ಷ ಅದರಲ್ಲೇ ಇನ್ನೂ ಒಳ್ಳೆಯದನ್ನು ಆರಿಸುವಳು, ಅಷ್ಟೇ. ಆರ್ನಲ್ಡ್ ಕಿಣ್ವದ ಜೀನಿನಲ್ಲಿ ಬೇಕೆಂದೇ ಅಲ್ಲೊಂದು ಇಲ್ಲೊಂದು ತಪ್ಪು ಬೀಳುವಂತೆ ಮಾಡಿದರು. ಆ ತಪ್ಪು ಜೀನುಗಳನ್ನು ಬ್ಯಾಕ್ಟೀರಿಯಾಗಳಿಗೆ ಸೇರಿಸಿ ಸಾವಿರಾರು ಬಗೆಯ ಕಿಣ್ವ ಮಾಡಿಸಿದರು. ಹಾಲಿನ ಪ್ರೋಟೀನಾದ ಕೇಸಿನ್ ಮತ್ತು ಡಿಎಂಎಫ್ ಎಂಬ ದ್ರಾವಕ ಸೇರಿಸಿದ ತಟ್ಟೆಯ ಮೇಲೆ ಅವನ್ನು ಬೆಳೆಸಿದರು. ಎಲ್ಲಿ ಕಿಣ್ವ ಆ ದ್ರಾವಕವನ್ನು ತಾಳಿಕೊಂಡು ಕೇಸಿನ್ ಕತ್ತರಿಸುತ್ತದೋ ಅಲ್ಲಿ ಬೆಳ್ಳನೆಯ ತಟ್ಟೆಯ ಮೇಲೆ ತಿಳಿಯಾದ ಉಂಗುರ. ದೊಡ್ಡ ಉಂಗುರವೇ ಬಿತ್ತನೆ ತೆನೆ. ಅದನ್ನು ಆರಿಸಿ ಮತ್ತೆ ತಪ್ಪು ಮಾಡಿಸು, ಮತ್ತೆ ಆರಿಸು. 1993ರಲ್ಲಿ ಕೆಚಿನ್ ಚೆನ್ ಜೊತೆ ಪ್ರಕಟಿಸಿದ ಲೇಖನದಲ್ಲಿ, ಶೇಕಡಾ 60 ಡಿಎಂಎಫ್ ಇರುವಲ್ಲಿ ಮೂಲ ಕಿಣ್ವಕ್ಕಿಂತ 256 ಪಟ್ಟು ಚೆನ್ನಾಗಿ ಕೆಲಸ ಮಾಡುವ ಕಿಣ್ವ ಸಿಕ್ಕಿತ್ತು. ಅದರಲ್ಲಿ ಹತ್ತು ಬದಲಾವಣೆ ಇದ್ದವು. ಆ ಹತ್ತನ್ನು ಲೆಕ್ಕ ಹಾಕಿ ಮೊದಲೇ ಊಹಿಸಲು ಯಾರಿಂದಲೂ ಆಗುತ್ತಿರಲಿಲ್ಲ.

ಇದಕ್ಕೆ ಸಿಕ್ಕ ಮರ್ಯಾದೆ ಕೇಳಿ. ಇದು ವಿಜ್ಞಾನವೇ ಅಲ್ಲ, ಕಣ್ಣು ಮುಚ್ಚಿ ಕಲ್ಲು ಎಸೆಯುವುದು, ಸಭ್ಯ ಗೃಹಸ್ಥರು ಮಾಡುವ ಕೆಲಸವಲ್ಲ ಅಂತ ಕೆಲವರು ಮೂಗು ಮುರಿದರು. ತಾನು ಎಂಜಿನಿಯರು, ವಿಜ್ಞಾನಿಯೂ ಅಲ್ಲ, ಗೃಹಸ್ಥನಂತೂ ಅಲ್ಲವೇ ಅಲ್ಲ, ಹಾಗಾಗಿ ಅದು ತನಗೆ ತಟ್ಟಲೇ ಇಲ್ಲ ಅಂತ ಆಕೆ ಆಮೇಲೆ ನಗುತ್ತಾ ಹೇಳಿಕೊಂಡಿದ್ದಾರೆ. ನನಗೆ ಬಹಳ ಇಷ್ಟವಾದ ಮಾತು ಇದು. ಮೀಟಿಂಗಿನಲ್ಲಿ ಹತ್ತು ಜನ ಗಂಡಸರ ನಡುವೆ ಕೂತಾಗ ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿರುತ್ತೇನೆ.

ಈ ದಾರಿಯಲ್ಲೇ ಸುತ್ತಿ ಆಕೆ ಮತ್ತೆ ಗಿಡದ ಇಂಧನಕ್ಕೆ ಬಂದರು. 2005ರಲ್ಲಿ ತಮ್ಮ ಲ್ಯಾಬಿನ ಇಬ್ಬರ ಜೊತೆ ಸೇರಿ ಜೀವೋ ಎಂಬ ಕಂಪನಿ ಕಟ್ಟಿದರು. ಅದು ಹಿಡಿದ ವಸ್ತು ಐಸೊಬ್ಯುಟನಾಲ್. ಈಗ ನಾವು ಬಂಕಿನಲ್ಲಿ ಹಾಕಿಸುವ ಪೆಟ್ರೋಲಿನಲ್ಲಿ ಶೇಕಡಾ 20 ಎಥನಾಲ್ ಇದೆ ಅಂತ ನಿಮಗೆಲ್ಲ ಗೊತ್ತು, ಮೈಲೇಜು ಬರಲ್ಲ ಅಂತ ಮನೆಯವರು ಗೊಣಗುವುದೂ ಗೊತ್ತು. ಎಥನಾಲ್‌ನಲ್ಲಿ ಎರಡೇ ಇಂಗಾಲ. ಲೀಟರಿಗೆ ಪೆಟ್ರೋಲಿನ ಮೂರನೇ ಎರಡರಷ್ಟು ಶಕ್ತಿ, ಸಾಲದ್ದಕ್ಕೆ ನೀರು ಹೀರುವ ಚಾಳಿ. ಐಸೊಬ್ಯುಟನಾಲ್‌ಗೆ ನಾಲ್ಕು ಇಂಗಾಲ, ಐದನೇ ನಾಲ್ಕರಷ್ಟು ಶಕ್ತಿ, ಮುಂದೆ ವಿಮಾನದ ಇಂಧನವನ್ನೂ ಮಾಡಬಹುದು. ಸೂಕ್ಷ್ಮಜೀವಿಯ ಕೈಯಲ್ಲಿ ಅದನ್ನು ಚೆನ್ನಾಗಿ ಮಾಡಿಸುವ ದಾರಿಯನ್ನು ಲಾಸ್ ಏಂಜಲೀಸ್‌ನ ಜೇಮ್ಸ್ ಲಿಯಾವೊ ತಂಡ 2008ರಲ್ಲಿ ತೋರಿಸಿತ್ತು. ಆದರೆ ಒಂದು ತೊಡಕು. ಗಾಳಿಯಿಲ್ಲದ ದೊಡ್ಡ ತೊಟ್ಟಿಯಲ್ಲಿ ಜೀವಕೋಶ ಸಕ್ಕರೆ ಒಡೆದು ಗಳಿಸುವ ಹಣ ರೂಪಾಯಿ ಅಂದುಕೊಳ್ಳಿ. ಐಸೊಬ್ಯುಟನಾಲ್ ಮಾಡುವ ಸಾಲಿನಲ್ಲಿದ್ದ ಒಂದು ಕಿಣ್ವ ಡಾಲರ್ ಬಿಟ್ಟು ಬೇರೇನೂ ಮುಟ್ಟದು. ಬದಲಾಯಿಸಿಕೊಳ್ಳಲು ಹೋದರೆ ಸಕ್ಕರೆ ಖರ್ಚು. ಆರ್ನಲ್ಡ್ ತಂಡ ತಮ್ಮ ಹಳೆಯ ತೆನೆ ಆರಿಸುವ ವಿದ್ಯೆಯಿಂದ ಆ ಕಿಣ್ವಕ್ಕೆ ರೂಪಾಯಿ ತೆಗೆದುಕೊಳ್ಳುವುದನ್ನು ಕಲಿಸಿತು. 2011ರ ಲೇಖನದ ಪ್ರಕಾರ ಗಾಳಿಯಿಲ್ಲದೆಯೇ, ಸಕ್ಕರೆಯಿಂದ ಲೆಕ್ಕಕ್ಕೆ ತಕ್ಕಷ್ಟೂ ಐಸೊಬ್ಯುಟನಾಲ್ ಬಂತು.

ಇಲ್ಲಿಗೆ ಕಥೆ ಮುಗಿಸಿದರೆ ಚಪ್ಪಾಳೆ ಬೀಳುತ್ತದೆ. ಆದರೆ ನಿಜ ಹೇಳಬೇಕಲ್ಲ. 2012ರಲ್ಲಿ ಕಂಪನಿ ಮಿನೆಸೋಟದ ಲುವರ್ನ್ ಎಂಬ ಊರಿನಲ್ಲಿದ್ದ ಹಳೆಯ ಎಥನಾಲ್ ಕಾರ್ಖಾನೆಯಲ್ಲಿ ಐಸೊಬ್ಯುಟನಾಲ್ ಶುರು ಮಾಡಿತು. ಕೆಲವೇ ತಿಂಗಳಲ್ಲಿ ತೊಟ್ಟಿಗೆ ಬೇರೆ ಸೂಕ್ಷ್ಮಜೀವಿ ನುಗ್ಗಿ ಸೋಂಕು ತಗುಲಿತು, ಕೆಲಸ ನಿಲ್ಲಿಸಬೇಕಾಯಿತು. ಅಂದರೆ ನನ್ನ ಫ್ಲಾಸ್ಕಿನ ಬೂಷ್ಟು ನೊಬೆಲ್ ಮಟ್ಟದವರ ತೊಟ್ಟಿಯನ್ನೂ ಬಿಡಲಿಲ್ಲ! ಜೊತೆಗೆ ದೊಡ್ಡ ಕಂಪನಿಗಳ ಕಡೆಯವರೊಡನೆ ಪೇಟೆಂಟ್ ಜಗಳ, ಅದು ಇತ್ಯರ್ಥವಾಗಿದ್ದು 2015ರಲ್ಲಿ. 2016ರ ಜೂನ್‌ನಲ್ಲಿ ಅಲಾಸ್ಕಾ ಏರ್‌ಲೈನ್ಸ್‌ನ ವಿಮಾನಗಳು ಸಿಯಾಟಲ್‌ನಿಂದ ಶೇಕಡಾ 20ರಷ್ಟು ಈ ಇಂಧನ ಬೆರೆಸಿಕೊಂಡು ಹಾರಿದವು. ಅದು ಸಂತೋಷದ ಸುದ್ದಿಯೇ. ಆದರೂ ಕಚ್ಚಾ ತೈಲ ಅಗ್ಗವಾದಾಗಲೆಲ್ಲ ಗಿಡದ ಇಂಧನ ಮಂಕಾಗುತ್ತದೆ. 1981ರಲ್ಲಿ ಆಕೆಯನ್ನು ತಡೆದ ಗೋಡೆ ಇನ್ನೂ ಅಲ್ಲೇ ನಿಂತಿದೆ. ದಂಟಿನ ಸೆಲ್ಯುಲೋಸ್ ಬಗ್ಗೆಯೂ ಕೆಲಸ ಮಾಡಿದ್ದಾರೆ. 2009ರಲ್ಲಿ ಬೇರೆ ಬೇರೆ ಶಿಲೀಂಧ್ರಗಳ ಕಿಣ್ವಗಳ ತುಂಡು ಜೋಡಿಸಿ, ಹೆಚ್ಚು ಬಿಸಿ ತಾಳುವ ಸೆಲ್ಯುಲೇಸ್ ಮಾಡಿ ತೋರಿಸಿದರು. ಮಾವನಿಗೆ ಇದನ್ನು ಹೇಳಿದ್ದೇನೆ. "ಹಂಗಾರ ನಮ್ಮ ದಂಟು ಯಾವಾಗ ತಗೋತಾರಂತ?" ಅಂತ ಕೇಳಿದ. ಉತ್ತರ ಇರಲಿಲ್ಲ.

ಮಾವನ ವಿಷಯ ಬಂತು, ಒಂದು ಅಡ್ಡ ಮಾತು. 2018ರಲ್ಲಿ ಅಮೆರಿಕ ಮೂಲದ ಫಾಲ್ ಆರ್ಮಿವರ್ಮ್, ನಮ್ಮ ರೈತರ ಬಾಯಲ್ಲಿ ಸೈನಿಕ ಹುಳು, ಭಾರತದಲ್ಲಿ ಮೊದಲು ಕಾಣಿಸಿಕೊಂಡಿದ್ದು ನಮ್ಮ ಕರ್ನಾಟಕದ ಗೋವಿನಜೋಳದಲ್ಲೇ. ಸುಳಿಯೊಳಗೆ ಕೂತು ತಿನ್ನುತ್ತದೆ. ಆರ್ನಲ್ಡ್ 2013ರಲ್ಲಿ ಕಟ್ಟಿದ ಇನ್ನೊಂದು ಕಂಪನಿ ಪ್ರೋವಿವಿ, ಹೆಣ್ಣು ಪತಂಗದ ವಾಸನೆಯನ್ನು ಅಗ್ಗವಾಗಿ ತಯಾರಿಸಿ ಹೊಲದ ತುಂಬ ಹರಡಿ ಗಂಡು ಪತಂಗದ ದಿಕ್ಕು ತಪ್ಪಿಸುವ ಕೆಲಸದಲ್ಲಿದೆ. ಆ ಹುಳು ಅದರ ಮುಖ್ಯ ಗುರಿಗಳಲ್ಲಿ ಒಂದು. ಮಾವ ಪೂರ್ತಿ ಕೇಳಿಸಿಕೊಂಡು, "ಗಂಡಸರಿಗೆ ಮೋಸ ಮಾಡೋ ಔಷಧ ಅನ್ನು. ಎಕರೆಗೆ ಎಷ್ಟು ಬೀಳತೈತಿ?" ಅಂದ.

ಇನ್ನು ಆಕೆಯ ಬದುಕಿನ ಬಗ್ಗೆ ನಾಲ್ಕು ಮಾತು. ಪುಸ್ತಕದ ಆ ಜೇ ಬೈಲಿ 2001ರಲ್ಲಿ ಕ್ಯಾನ್ಸರಿನಿಂದ ತೀರಿಕೊಂಡರು, ಆಗಲೇ ಇಬ್ಬರೂ ಬೇರೆಯಾಗಿದ್ದರು. ಕಂಪನಿ ಕಟ್ಟಿದ 2005ರಲ್ಲೇ ಆಕೆಗೆ ಸ್ತನ ಕ್ಯಾನ್ಸರ್, ಒಂದೂವರೆ ವರ್ಷ ಚಿಕಿತ್ಸೆ. 2010ರಲ್ಲಿ ಬಾಳಸಂಗಾತಿ ಆಂಡ್ರೂ ಲ್ಯಾಂಗ್, ದೊಡ್ಡ ಖಗೋಳ ವಿಜ್ಞಾನಿ, ತಾವೇ ಜೀವ ಕಳೆದುಕೊಂಡರು. 2016ರಲ್ಲಿ ಮಗ ವಿಲಿಯಂ ಅಪಘಾತದಲ್ಲಿ ಹೋದ, ಇಪ್ಪತ್ತು ವರ್ಷದ ಹುಡುಗ. 2018ರ ಅಕ್ಟೋಬರ್‌ನಲ್ಲಿ ಡಲ್ಲಾಸ್‌ನ ಹೋಟೆಲಿನಲ್ಲಿ ಮಲಗಿದ್ದಾಗ ಬೆಳಕು ಹರಿಯುವ ಮೊದಲೇ ಫೋನ್ ಬಂತು. ಮಕ್ಕಳಿಗೇ ಏನೋ ಆಗಿದೆ ಅಂತ ಮೊದಲು ಅನ್ನಿಸಿತಂತೆ. ಆದರೆ ಕರೆ ನೊಬೆಲ್ ಸಮಿತಿಯದು. ಆ ಹೊತ್ತಿನ ಫೋನು ತಾಯಂದಿರಿಗೆ ಹೇಗಿರುತ್ತದೆ ಅಂತ ಇಲ್ಲಿ ಯಾರಿಗೂ ವಿವರಿಸಬೇಕಿಲ್ಲ.

ಈಗ ಆ ಬಾಕಿ ಲೆಕ್ಕ. 2019ರ ಕೊನೆಯಲ್ಲಿ ನಮ್ಮ ಪ್ರಾಜೆಕ್ಟಿನಲ್ಲಿ ಒಂದು ದೊಡ್ಡ ತಪ್ಪಾಯಿತು. ಗ್ರಾಹಕರ ಕೆಲವು ದಿನಗಳ ಲೆಕ್ಕ ಏರುಪೇರಾಗಿ ಎರಡು ರಾತ್ರಿ ಇಡೀ ತಂಡ ಕೂತು ಸರಿಪಡಿಸಬೇಕಾಯಿತು. ಕೋಡ್ ಬರೆದವಳು ಲಾತೂರ್ ಕಡೆಯ ಹುಡುಗಿ, ಕೆಲಸಕ್ಕೆ ಸೇರಿ ಎಂಟು ತಿಂಗಳಾಗಿತ್ತು. ಅದನ್ನು ರಿವ್ಯೂ ಮಾಡಿ ಸರಿ ಅಂತ ಒಪ್ಪಿಗೆ ಕೊಟ್ಟವಳು ನಾನು. ನಿಜವಾಗಿ ನಾನು ತೆರೆದೂ ನೋಡಿರಲಿಲ್ಲ. ಅವತ್ತು ಮಗಳಿಗೆ ಜ್ವರ, ಬೇರೆ ಎರಡು ಡೆಡ್‌ಲೈನು. ಬಟನ್ ಒತ್ತಿ ಮನೆಗೆ ಓಡಿದ್ದೆ. ವಿಚಾರಣೆಯ ಮೀಟಿಂಗಿನಲ್ಲಿ ಎಲ್ಲರೂ ಅವಳನ್ನೇ ಕೇಳಿದರು. ನಾನು "ಇನ್ನು ಮೇಲೆ ಎಚ್ಚರಿಕೆ ತಗೋಬೇಕು" ಅಂದೆ. ಯಾರು ಅಂತ ಹೇಳಲಿಲ್ಲ. ಆ ವರ್ಷದ ಅಪ್ರೈಸಲ್‌ನಲ್ಲಿ ಅವಳಿಗೆ ಕೆಳಗಿನ ರೇಟಿಂಗ್ ಬಂತು, ನನಗೆ ಎಂದಿನದೇ.

2020ರ ಜನವರಿ 2ರಂದು ಆರ್ನಲ್ಡ್ ಒಂದು ಟ್ವೀಟ್ ಮಾಡಿದರು. ಹಿಂದಿನ ವರ್ಷ ಸೈನ್ಸ್ ಪತ್ರಿಕೆಯಲ್ಲಿ ಬಂದಿದ್ದ ಅವರ ತಂಡದ ಲೇಖನವನ್ನು ಹಿಂದಕ್ಕೆ ಪಡೆಯುತ್ತಿದ್ದೇವೆ, ಆ ಫಲಿತಾಂಶ ಮತ್ತೆ ಬರುತ್ತಿಲ್ಲ ಅಂತ. ಮೊದಲ ಲೇಖಕರ ಲ್ಯಾಬ್ ನೋಟ್‌ಬುಕ್ಕಿನಲ್ಲಿ ಇರಬೇಕಾದ ದಾಖಲೆಗಳೇ ಇರಲಿಲ್ಲ ಅಂತ ಪತ್ರಿಕೆಯ ಪ್ರಕಟಣೆಯಲ್ಲಿ ಬಂತು. ನೊಬೆಲ್ ಬಂದು ಇನ್ನೂ ಒಂದೂಕಾಲು ವರ್ಷ. ಕೈಕೆಳಗಿನವರ ಮೇಲೆ ಹಾಕಿ ಸುಮ್ಮನಿರಬಹುದಿತ್ತು, ದಾಖಲೆಯೂ ಆ ಕಡೆಗೇ ಬೆರಳು ತೋರಿಸುತ್ತಿತ್ತು. ಆಕೆ ಬರೆದದ್ದು ಬೇರೆ. ಅದನ್ನು ಕಳಿಸುವ ಹೊತ್ತಿಗೆ ತಾನು ಬೇರೆ ಗಡಿಬಿಡಿಯಲ್ಲಿದ್ದೆ, ತನ್ನ ಕೆಲಸವನ್ನು ತಾನು ಸರಿಯಾಗಿ ಮಾಡಲಿಲ್ಲ, ಎಲ್ಲರ ಕ್ಷಮೆ ಕೇಳುತ್ತೇನೆ ಅಂತ.

ಅದನ್ನು ಕಂಪನಿ ಬಸ್ಸಿನಲ್ಲಿ ಓದಿದೆ. ಓದಿ ತಕ್ಷಣ ಬದಲಾದೆ ಅಂತ ಹೇಳಿದರೆ ಸುಳ್ಳಾಗುತ್ತದೆ. ಫೋನ್ ಪರ್ಸಿಗೆ ಹಾಕಿಕೊಂಡೆ. ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂತು, ಆ ಹುಡುಗಿ ಊರಿಗೆ ಹೋದಳು, ಅಲ್ಲಿಂದಲೇ ರಾಜೀನಾಮೆ ಕಳಿಸಿದಳು. ಜೂನ್‌ನಲ್ಲಿ ಒಂದು ಸಂಜೆ, ಇನ್ನು ತಡೆಯಲಾಗದೆ ಫೋನ್ ಮಾಡಿದೆ. ನಡೆದದ್ದೆಲ್ಲ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು ಮರಾಠಿಯಲ್ಲಿ ಕೇಳಿದಳು, "ಮ್ಯಾಡಮ್, ನನಗೆ ಅದು ಆವತ್ತೇ ಗೊತ್ತಿತ್ತು. ರಿವ್ಯೂ ಓಪನ್ ಆದ ಸಮಯ, ಅಪ್ರೂವ್ ಆದ ಸಮಯ ಎರಡೂ ಸಿಸ್ಟಮ್‌ನಲ್ಲೇ ಇದೆ. ನೀವು ಹೇಳ್ತೀರಿ ಅಂತ ಕಾಯ್ತಿದ್ದೆ."

ಮರುದಿನ ಮ್ಯಾನೇಜರಿಗೆ ಮೇಲ್ ಬರೆದೆ, ಅವಳಿಗೂ ಕಾಪಿ ಹಾಕಿ. ಮ್ಯಾನೇಜರು "ಹಳೇ ವಿಷಯ, ಈಗ್ಯಾಕೆ" ಅಂದರು. ಅವಳ ರೇಟಿಂಗ್ ಬದಲಾಗಲಿಲ್ಲ. ನನ್ನ ಆ ವರ್ಷದ ಪ್ರಮೋಷನ್ ಮಾತು ನಿಂತಿತು, ಅದಕ್ಕೆ ಇದೇ ಕಾರಣವೋ ಲಾಕ್‌ಡೌನ್ ಕಾರಣವೋ ಯಾರೂ ಹೇಳಲಿಲ್ಲ. ಆ ಹುಡುಗಿ ಮೇಲ್‌ಗೆ ಉತ್ತರ ಬರೆಯಲಿಲ್ಲ. ಎರಡು ವರ್ಷದ ಮೇಲೆ, ಹೊಸ ಕಂಪನಿಗೆ ರೆಫರೆನ್ಸ್ ಬೇಕು ಅಂತ ನನ್ನ ಹೆಸರನ್ನೇ ಕೊಟ್ಟಿದ್ದಳು. ಅಲ್ಲಿಂದ ಫೋನ್ ಬಂದಾಗ ಅರ್ಧ ಗಂಟೆ ಮಾತಾಡಿದೆ.

ನನ್ನ ಸಮಯ ಆಯಿತು ಅಂತ ಕಾರ್ಯದರ್ಶಿ ಅಕ್ಕ ಚೀಟಿ ತೋರಿಸುತ್ತಿದ್ದಾರೆ. ಕಿಣ್ವ, ಎಥನಾಲ್, ಮೈಲೇಜು ಬಗ್ಗೆ ಪ್ರಶ್ನೆ ಇದ್ದವರು ಊಟದ ಹೊತ್ತಿನಲ್ಲಿ ಕೇಳಿ, ಗೊತ್ತಿದ್ದಷ್ಟು ಹೇಳುತ್ತೇನೆ.